ತಪಸ್ಸುಕಾಲದ ಶುಕ್ರವಾರ ಮತ್ತು ಅಂಜಲ್ ಫ್ರೈ

ಈಸ್ಟರ್‌ಗೆ ಮುಂಚಿನ ಸುಮಾರು ನಲವತ್ತು ದಿನಗಳ ತಪಸ್ಸುಕಾಲಕ್ಕೆ ಕಥೊಲಿಕ ಧರ್ಮಸಭೆ ಇಟ್ಟ ಉಪವಾಸದ ನಿಯಮ ಏನೂ ಕಠಿಣವಲ್ಲ. 18 ತುಂಬಿದಲ್ಲಿಂದ 59 ತುಂಬುವವರೆಗೆ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಯೇಸುವಿನ ಮರಣ ನೆನೆಯುವ ಶುಭ ಶುಕ್ರವಾರ ಒಂದೇ ಪೂರ್ತಿ ಊಟ. ಮತ್ತೆ ಎರಡು ಸಲ ಸ್ವಲ್ಪ ಏನಾದರೂ ತಿನ್ನಬಹುದು, ಎರಡೂ ಸೇರಿ ಒಂದು ಊಟದಷ್ಟಾಗಬಾರದು. 14 ದಾಟಿದವರಿಗೆ ಆ ಎರಡು ದಿನವೂ ತಪಸ್ಸುಕಾಲದ ಎಲ್ಲ ಶುಕ್ರವಾರಗಳೂ ಮಾಂಸವಿಲ್ಲ. ಕಾಯಿಲೆಯವರಿಗೆ ವಿನಾಯಿತಿ ಇದೆ. ಮೀನಿಗೆ ಅಡ್ಡಿಯಿಲ್ಲ.

ಮಂಗಳೂರಿನವರು ಎಡವುವುದು ಇಲ್ಲೇ. ಅಂಜಲ್ (ಸುರ್ಮಾಯಿ) ಮೀನಿನ ತುಂಡಿಗೆ ಮೆಣಸು, ಹುಳಿ ಅರೆದ ಮಸಾಲೆ ಮೆತ್ತಿ, ಕಾವಲಿಗೆ ತೆಂಗಿನೆಣ್ಣೆ ಬಿಟ್ಟು ಅಂಚು ಗರಿಗರಿಯಾಗುವ ತನಕ ಕಾಯಿಸಿದರೆ ನಿಯಮ ಮುರಿಯುವುದಿಲ್ಲ, ನಿಜ. ಆದರೆ ಅದು ಭಾನುವಾರದ ಕೋಳಿಗಿಂತ ದುಬಾರಿ ಊಟ. ಬಿಟ್ಟದ್ದು ಯಾವುದು ಹಾಗಾದರೆ? ಅವತ್ತು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಹುರುಳಿ ಚಟ್ನಿ ಸಾಕು. ಉಳಿದ ದುಡ್ಡನ್ನು ಅಂದೇ ಲಕೋಟೆಗೆ ಹಾಕಿ, ಬಡವರಿಗೆ ಕೊಡಿ. ತಿಂಗಳ ಕೊನೆಗೆ ನೋಡೋಣ ಎಂದರೆ ಅದು ಕರಗಿಹೋಗುತ್ತದೆ. ನೀರು ಮಾತ್ರ ಬಿಡಬೇಡಿ. ಮಾರ್ಚಿನ ಸೆಕೆಗೆ ತಲೆನೋವು ಹಿಡಿಯುತ್ತದೆ, ಸಿಟ್ಟು ಮನೆಯವರ ಮೇಲೆ ಬೀಳುತ್ತದೆ.

ಹಸಿವಿಗಿಂತ ಕಷ್ಟ, ಪ್ರಾರ್ಥನೆ ಒಣಗಿದ ದಿನಗಳು. ಯೇಸುಸಭೆ, ಅಂದರೆ ಜೆಸ್ವಿಟ್ ಗುರುಗಳ ಸಂಘ, 1878ರಲ್ಲಿ ಮಂಗಳೂರಿಗೆ ಬಂತು; ಅದಕ್ಕೂ ಎಷ್ಟೋ ಹಿಂದೆ ಅದನ್ನು ಸ್ಥಾಪಿಸಿದ ಸಂತ ಇಗ್ನೇಶಿಯಸ್ ಲೊಯೋಲಾ ಇದಕ್ಕೆ ಕಂಡುಕೊಂಡ ದಾರಿ ಈಗಲೂ ನಡೆಯುತ್ತದೆ: ಮನಸ್ಸು ಕುಗ್ಗಿದಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬಾರದು, ಎದ್ದುಬಿಡೋಣ ಅನಿಸಿದಾಗ ಗೊತ್ತುಮಾಡಿದ ಹೊತ್ತಿಗಿಂತ ತುಸು ಹೆಚ್ಚೇ ಕೂರಬೇಕು. 15 ನಿಮಿಷ ಎಂದುಕೊಂಡಿದ್ದರೆ 17 ನಿಮಿಷ. ಅರ್ಧ ಗಂಟೆಗೆ ಏರಿಸಿದರೆ ಮೂರನೇ ದಿನ ಪೂರ್ತಿ ನಿಂತೇಹೋಗುತ್ತದೆ. ಒಣಗಲು ನಮ್ಮ ಉದಾಸೀನವೂ ಕಾರಣವಿರಬಹುದು ಎಂದು ಅವರೇ ಹೇಳಿದ್ದಾರೆ, ಹಾಗಾಗಿ ಮೊದಲು ಅದನ್ನು ನೋಡಿಕೊಳ್ಳಿ. ಫೋನು ಬೇರೆ ಕೋಣೆಯಲ್ಲಿರಲಿ.

ಉಪವಾಸ, ಪ್ರಾರ್ಥನೆ ಎರಡನ್ನೂ ಮೀರಿದ್ದು ಬೈಬಲಿನ ಮತ್ತಾಯ 5:23-24. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎನ್ನುತ್ತದೆ ಅದು. ಗಮನಿಸಿ, ಅಲ್ಲಿ ಮನಸ್ತಾಪ ಇರುವುದು ಅವನಿಗೆ ನಮ್ಮ ಮೇಲೆ. ತೋಟದ ಪಾಲಿನಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಮದುವೆಯ ಮುಂಚಿನ ರೋಸ್ ಶಾಸ್ತ್ರದ ಗದ್ದಲದಲ್ಲಿ ಕೈಕುಲುಕಿದರೆ ಸಾಲದು. ವಾಟ್ಸಾಪ್ ಬೇಡ, ನಡುವೆ ಯಾರೂ ಬೇಡ. ಒಬ್ಬರೇ ಹೋಗಿ, ಮಾಡಿದ ತಪ್ಪನ್ನು ಹೆಸರಿಟ್ಟು ಹೇಳಿ. "ಆದರೆ ನೀನೂ" ಎಂದು ಶುರುವಾದರೆ ಅಲ್ಲಿಗೆ ಮುಗಿಯಿತು. ಬಾಗಿಲು ತೆರೆಯದಿದ್ದರೆ ಈಸ್ಟರ್ ಕಳೆದ ಮೇಲೆ ಇನ್ನೊಮ್ಮೆ ಹೋಗಬೇಕು.