ಕಾಂಬಿನೇಷನ್ ಮೊದಲು, ಲ್ಯಾಪ್‌ಟಾಪ್ ಆಮೇಲೆ

24 ಮೇ 2026, ಭಾನುವಾರ
ಹುಬ್ಬಳ್ಳಿ

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ, ಡಿಪ್ಲೊಮಾ ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ಹಂಗಾಮು ಇದು. ಕೊಪ್ಪಿಕರ್ ರಸ್ತೆಯಲ್ಲಿ ಅಂಗಡಿ ಹೊಕ್ಕವರ ಮೊದಲ ಮಾತು ಒಂದೇ: “ಐ3 ಛಲೋನೋ, ಐ5 ಛಲೋನೋ ರೀ?” ಪ್ರೊಸೆಸರಿನ ಈ ಪ್ರಶ್ನೆ ಕೊನೆಗೆ ಕೇಳಬೇಕಾದದ್ದು. ಹುಡುಗ ಯಾವ ಕಾಂಬಿನೇಷನ್ ತಗೊಂಡಿದ್ದಾನೆ ಅನ್ನುವುದರ ಮೇಲೆ ಸಾಫ್ಟ್‌ವೇರ್ ನಿಂತಿದೆ, ಸಾಫ್ಟ್‌ವೇರ್ ಮೇಲೆ ಓಎಸ್ (ಯಂತ್ರ ನಡೆಸುವ, ವಿಂಡೋಸಿನಂಥ ಮೂಲ ತಂತ್ರಾಂಶ), ಓಎಸ್ ಮೇಲೆ ಯಂತ್ರ. ತಲೆಕೆಳಗಾಗಿ ಹೊರಟರೆ ಹಣ ಸ್ಟಿಕ್ಕರಿಗೆ ಹೋಗುತ್ತದೆ.

ಕಾಮರ್ಸ್ ಆದರೆ ಚರ್ಚೆ ಬೇಡ, ವಿಂಡೋಸ್. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಪ್ರೈಮ್ ಅದರ ಮೇಲೆ ಮಾತ್ರ ಓಡುತ್ತದೆ. ಕಲಿಯಲು ಲೈಸೆನ್ಸ್ ಕೊಳ್ಳಬೇಕಿಲ್ಲ, ಎಜುಕೇಷನಲ್ ಮೋಡ್ ಉಚಿತ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ (ವ್ಯವಹಾರದ ನಮೂದು) ಹಾಕಬಹುದು. 15ನೇ ತಾರೀಖು ತೆಗೆದುಕೊಳ್ಳದಿದ್ದರೆ ಟ್ಯಾಲಿ ಕೆಟ್ಟಿಲ್ಲ. ಎಲ್ಲವನ್ನೂ 1ಕ್ಕೆ ಹಾಕಿ ಕಲಿಯಲಿ. ಡಿಪ್ಲೊಮಾ ಸಿವಿಲ್, ಮೆಕ್ಯಾನಿಕಲ್‌ಗೂ ಇದೇ ಮಾತು: ನಕ್ಷೆ ಬಿಡಿಸುವ ಕ್ಯಾಡ್ ತಂತ್ರಾಂಶಗಳಲ್ಲಿ ಸಾಲಿಡ್‌ವರ್ಕ್ಸ್ ವಿಂಡೋಸಿನದು, ಆಟೋಕ್ಯಾಡ್ ವಿಂಡೋಸ್ ಮತ್ತು ಮ್ಯಾಕ್‌ನದು, ಉಚಿತ ಓಎಸ್ ಆದ ಲಿನಕ್ಸ್‌ನಲ್ಲಿ ಎರಡೂ ಇಲ್ಲ.

ಸೈನ್ಸ್‌ನ ಪಿಸಿಎಂಸಿ, ಪಿಸಿಎಂಬಿ ಮಕ್ಕಳಿಗೆ ಆಯ್ಕೆ ಇದೆ. ಪೈಥಾನ್, ಮೈಎಸ್‌ಕ್ಯೂಎಲ್, ಜಿಯೋಜೀಬ್ರಾ, ಲಿಬ್ರೆ ಆಫೀಸ್ ಎಲ್ಲವೂ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನಲ್ಲಿ ಸಲೀಸು. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಈ ಮಕ್ಕಳಿಗೆ ಮಿಂಟ್ ಅಥವಾ ವಿಂಡೋಸ್ ಜೊತೆ ಮಿಂಟ್, ಎರಡರಲ್ಲಿ ಒಂದು ಇರಲಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹದಿನಾರರ ವಯಸ್ಸಿನಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಪರದೆ) ಕಂಡ ಹುಡುಗಿ ಬಿಇ ಮೊದಲ ಸೆಮಿಸ್ಟರಿನ ಲ್ಯಾಬ್‌ನಲ್ಲಿ ತಡಕಾಡುವುದಿಲ್ಲ. ಆದರೆ ವ್ಯಾಲರೆಂಟ್ ಆಡುವ ಮಗನಿಗೆ ಬರೀ ಮಿಂಟ್ ಹಾಕಿಕೊಟ್ಟರೆ ಮನೆಯಲ್ಲಿ ಜಗಳ ಖಚಿತ. ಆ ಆಟದಲ್ಲಿ ಮೋಸ ತಡೆಯುವ ಆಂಟಿ-ಚೀಟ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಕ್ರೋಮ್‌ಬುಕ್ ಟ್ಯಾಲಿಗೂ ಬಾರದು, ಕ್ಯಾಡ್‌ಗೂ ಬಾರದು, ಬಿಡಿ. ಮ್ಯಾಕ್‌ಬುಕ್ ಒಳ್ಳೆಯ ಯಂತ್ರವೇ, ಆದರೆ ಅದರ ಮೆಮೊರಿ, ಅಂದರೆ ರ‍್ಯಾಮ್ ಹೆಚ್ಚಿಸಲು ಬರುವುದಿಲ್ಲ, ಪಿಯುಸಿಗೆ ಅಷ್ಟು ಹಣ ಬೇಕಿಲ್ಲ.

ಈಗ ಹೊಸ ಯಂತ್ರದ ಮಾತು. ಹೆಸರು ನೋಡಿ ಮೋಸ ಹೋಗುವುದು ಇಲ್ಲೇ. ಎಎಂಡಿ ಪ್ರೊಸೆಸರಿನ “ರೈಜೆನ್ 5” ಅನ್ನುವ ಸ್ಟಿಕ್ಕರ್ ಕೆಳಗೆ 7520ಯು ಇರಬಹುದು, 7530ಯು ಇರಬಹುದು. ಹತ್ತರ ವ್ಯತ್ಯಾಸ ಅಷ್ಟೇ ಅನಿಸುತ್ತದೆ. ಎಎಂಡಿಯ 7000 ಸರಣಿಯಲ್ಲಿ ಮೂರನೇ ಅಂಕಿ ಒಳಗಿನ ಕೋರ್‌ನ (ಲೆಕ್ಕ ಮಾಡುವ ಘಟಕದ) ತಲೆಮಾರು ಹೇಳುತ್ತದೆ: 7520ರ ಒಳಗಿರುವುದು ಹಳೆಯ ಜೆನ್ 2, ನಾಲ್ಕು ಕೋರ್, 7530ರಲ್ಲಿ ಜೆನ್ 3, ಆರು ಕೋರ್. ಅದಕ್ಕಿಂತ ದೊಡ್ಡ ತೊಡಕೆಂದರೆ 7520ಯು ಬೋರ್ಡಿಗೆ ಬೆಸೆದ ರ‍್ಯಾಮ್ ಮಾತ್ರ ಒಪ್ಪುತ್ತದೆ. 8 ಜಿಬಿ ತಂದರೆ ಕೊನೆಯವರೆಗೂ 8 ಜಿಬಿಯೇ. ಇಂಟೆಲ್‌ನಲ್ಲೂ ಹೆಸರು ಬದಲಾಯಿಸುವ ಆಟ ಇದೆ. “ಕೋರ್ 5 120ಯು” ಹೊಸದಾಗಿ ಕಂಡರೂ ಹಳೆಯ ಐ5-1335ಯುನ ತಮ್ಮ, ಅದೇ 2 ದೊಡ್ಡ ಕೋರ್, 8 ಸಣ್ಣ ಕೋರ್. ಕೆಟ್ಟದ್ದಲ್ಲ, ಆದರೆ ಹೊಸ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಡಿ. ಐ3-1215ಯು, 2 ದೊಡ್ಡ 4 ಸಣ್ಣ ಕೋರ್, ಪಿಯುಸಿಗೆ ಧಾರಾಳ ಸಾಕು. ಸೆಲೆರಾನ್ ಎನ್4500, ಎರಡೇ ಕೋರ್, ಜೊತೆಗೆ 64 ಜಿಬಿ ಇಎಂಎಂಸಿ ಸ್ಟೋರೇಜ್ ಇರುವ ಅಗ್ಗದ ಯಂತ್ರ ಮಾತ್ರ ಮುಟ್ಟಲೇಬೇಡಿ. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದ ದಿನ ಅದರಲ್ಲಿ ಜಾಗ ಉಳಿಯುವುದಿಲ್ಲ.

ಪ್ರೊಸೆಸರ್‌ನಲ್ಲಿ ಉಳಿಸಿದ್ದನ್ನು ರ‍್ಯಾಮ್‌ಗೆ ಹಾಕಿ. 8 ಜಿಬಿಯಲ್ಲಿ ಬ್ರೌಸರ್‌ನ ಹತ್ತು ಟ್ಯಾಬ್, ಒಂದು ಮೀಟ್ ಕ್ಲಾಸ್, ಒಂದು ಪಿಡಿಎಫ್ ತೆರೆದರೆ ವಿಂಡೋಸ್ 11 ಏದುಸಿರು ಬಿಡುತ್ತದೆ. 16 ಇರಲಿ, ಇಲ್ಲವೇ 8ರ ಜೊತೆ ಖಾಲಿ ಸ್ಲಾಟ್ ಇರಲಿ. 2025ರ ಕೊನೆಯಿಂದ ರ‍್ಯಾಮ್ ದರ ಏರಿರುವುದರಿಂದ “ಆಮೇಲೆ ಹಾಕಿದರಾಯ್ತು” ಅನ್ನುವ ಲೆಕ್ಕ ಈ ಸಲ ಹಿಂದಿನಂತೆ ಕೂಡುವುದಿಲ್ಲ. ಸ್ಲಾಟ್ ಇದೆಯೋ ಇಲ್ಲವೋ ಅಂತ ಅಂಗಡಿಯವನ ಬಾಯಿ ಮಾತು ನಂಬದೆ, ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು ಕಂಪನಿಯ ಸ್ಪೆಕ್ ಹಾಳೆ ನೋಡಿ. ಬಾಕ್ಸ್ ಮೇಲೆ “ಎಸ್ ಮೋಡ್” (ಸ್ಟೋರ್‌ನ ಆ್ಯಪ್ ಮಾತ್ರ ಒಪ್ಪುವ ವಿಂಡೋಸ್) ಅಂತಿದ್ದರೆ ಗಾಬರಿ ಬೇಡ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಉಚಿತವಾಗಿ ಹೊರಬರಬಹುದು, ಹೊರಬಂದ ಮೇಲೆ ತಿರುಗಿ ಒಳಗೆ ಹೋಗಲು ಬರುವುದಿಲ್ಲ, ಅಷ್ಟೇ.

ಬಜೆಟ್ ಬಿಗಿ ಇದ್ದರೆ ಕಂಪನಿಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್ ಲೇಸು. ಇಲ್ಲಿ ಗೆರೆ ಎಳೆಯಬೇಕಾದದ್ದು ಎಂಟನೇ ತಲೆಮಾರಿನ ಇಂಟೆಲ್‌ನಲ್ಲಿ. ಐ5-8250ಯು, 8350ಯು ಅಂದರೆ 8 ಮೊದಲು ಬರುವವು ವಿಂಡೋಸ್ 11ಕ್ಕೆ ಅರ್ಹ, 6300ಯು, 7300ಯು ಅಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಏಳನೇ ತಲೆಮಾರಿನ ಯಂತ್ರಕ್ಕೆ ಪರೀಕ್ಷೆ ತಪ್ಪಿಸಿ 11 ತುರುಕಿ ಮಾರುವುದುಂಟು. ಓಡುತ್ತದೆ, ಆದರೆ ಮುಂದೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ. ಅಂಥದ್ದಕ್ಕೆ ಮಿಂಟ್ ಹಾಕುವುದಾದರೆ ಮಾತ್ರ ತಗೊಳ್ಳಿ. ಥಿಂಕ್‌ಪ್ಯಾಡ್ ಟಿ480ಯಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್, ಹಿಂದೆ ಕಳಚುವ ಬ್ಯಾಟರಿ. ಟಿ480ಎಸ್ ತೆಳುವು, ಚಂದ, ಆದರೆ ಒಂದು ರ‍್ಯಾಮ್ ಬೆಸೆದದ್ದು, ಸ್ಲಾಟ್ ಒಂದೇ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಮೂರು ಪರೀಕ್ಷೆ. ಮೊದಲನೆಯದು ಬಯೋಸ್ (ಯಂತ್ರ ಆನ್ ಆಗುತ್ತಲೇ ಕೀಲಿ ಒತ್ತಿ ತೆರೆಯುವ ಮೂಲ ಸೆಟ್ಟಿಂಗ್): ಥಿಂಕ್‌ಪ್ಯಾಡ್‌ಗೆ ಎಫ್1, ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10. ಪಾಸ್‌ವರ್ಡ್ ಕೇಳಿತೋ, ಯಂತ್ರ ಅಲ್ಲೇ ಬಿಟ್ಟು ಬನ್ನಿ. “ಸೆಲ್ ಬಿಚ್ಚಿದರೆ ಹೋಗ್ತದ ರೀ” ಅನ್ನುತ್ತಾರೆ; ಈ ದರ್ಜೆಯ ಯಂತ್ರಗಳಲ್ಲಿ ಆ ಪಾಸ್‌ವರ್ಡ್ ಬೇರೆ ಚಿಪ್‌ನಲ್ಲಿ ಕೂತಿರುತ್ತದೆ, ಬೋರ್ಡಿನ ಸೆಲ್ ತೆಗೆದರೂ ಹೋಗುವುದಿಲ್ಲ. ಎರಡನೆಯದು ಬ್ಯಾಟರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ (powercfg) ಕಮಾಂಡ್‌ಗೆ ಬ್ಯಾಟರಿ ರಿಪೋರ್ಟ್ ಕೊಡಲು ಹೇಳಿದರೆ ಒಂದು ಪುಟ ಬರುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ 50,000, ಫುಲ್ ಚಾರ್ಜ್ ಕೆಪಾಸಿಟಿ 31,000 ಅಂತಿದ್ದರೆ ಬ್ಯಾಟರಿಯಲ್ಲಿ ಉಳಿದದ್ದು ನೂರಕ್ಕೆ 62 ಭಾಗ. 70ಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ.

ಮೂರನೆಯದು ಬಹಳ ಜನ ಮರೆಯುವಂಥದ್ದು. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಮೊದಲ ಸೆಟಪ್ ಪರದೆಯಲ್ಲೇ ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡಿ. ಯಾವುದೋ ಕಂಪನಿಯ ಹೆಸರು ಹೇಳಿ ಸ್ವಾಗತ ಕೋರಿ ಆಫೀಸ್ ಇಮೇಲ್ ಕೇಳಿದರೆ, ಆ ಯಂತ್ರದ ಗುರುತು ಇನ್ನೂ ಹಳೆಯ ಕಂಪನಿಯ ಆಟೋಪೈಲಟ್ ಪಟ್ಟಿಯಲ್ಲಿದೆ. ಕಂಪನಿಗಳು ತಮ್ಮ ಯಂತ್ರಗಳನ್ನು ನೋಂದಾಯಿಸುವ ಆ ಪಟ್ಟಿ ಇರುವುದು ಮೈಕ್ರೋಸಾಫ್ಟ್ ಸರ್ವರ್‌ನಲ್ಲಿ. ಡಿಸ್ಕ್ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ, ಎಸ್‌ಎಸ್‌ಡಿಯನ್ನೇ ಬದಲಿಸಿದರೂ ಅದು ಅಳಿಯುವುದಿಲ್ಲ. ಹಳೆಯ ಕಂಪನಿಯೇ ಬಿಡಿಸಬೇಕು. ಇಂಟರ್‌ನೆಟ್ ಇಲ್ಲದೆ ಸೆಟಪ್ ಮುಗಿಸಿ ಕೊಟ್ಟ ಯಂತ್ರದಲ್ಲಿ ಇದು ಅಡಗಿದ್ದು, ಮುಂದೊಂದು ದಿನ ರೀಸೆಟ್ ಮಾಡಿದಾಗ ಎದ್ದು ಕೂರುತ್ತದೆ.

ಎರಡು ಓಎಸ್ ಒಟ್ಟಿಗೆ ಹಾಕುವವರು ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಈ ಬೀಗ (ಎನ್‌ಕ್ರಿಪ್ಷನ್) ಕೇಳದೆಯೇ ಶುರುವಾಗಿರುತ್ತದೆ, ಬಯೋಸ್‌ನಲ್ಲಿ ಕೈಯಾಡಿಸಿದ ಮೇಲೆ ಆ ಕೀ ಕೇಳಬಹುದು. ಆಮೇಲೆ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿ. ಅದು ಚಾಲೂ ಇದ್ದರೆ ಶಟ್‌ಡೌನ್ ಆದರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ, ಮಿಂಟ್‌ನಿಂದ ಆ ಡಿಸ್ಕಿಗೆ ಬರೆಯಲು ಹೋದರೆ ಫೈಲ್ ಕೆಡುವ ಅಪಾಯ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮಿಂಟ್‌ಗಾಗಿ 100 ಜಿಬಿ ಕತ್ತರಿಸಿ ಖಾಲಿ ಬಿಡಿ. 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್ ಬರೆದು, ಮೊದಲು ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿ ವೈಫೈ, ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್ ನೋಡಿ. ಇಂಟೆಲ್ ವೈಫೈ ಕಾರ್ಡ್ ಸಾಮಾನ್ಯವಾಗಿ ತಂಟೆ ಕೊಡುವುದಿಲ್ಲ, ಕೆಲವು ರಿಯಲ್‌ಟೆಕ್ ಕಾರ್ಡ್‌ಗಳು ಕೊಡುತ್ತವೆ. ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣದಿದ್ದರೆ ಬಯೋಸ್‌ನಲ್ಲಿ ಸ್ಟೋರೇಜ್ ಇಂಟೆಲ್‌ನ ಆರ್‌ಎಸ್‌ಟಿ ಮೋಡ್‌ನಲ್ಲಿರಬಹುದು. ಅದನ್ನು ಸಾಮಾನ್ಯ ಮೋಡ್ ಆದ ಎಎಚ್‌ಸಿಐಗೆ ಬದಲಿಸುವ ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿಡಿ, ಇಲ್ಲದಿದ್ದರೆ ವಿಂಡೋಸ್ ಏಳುವುದಿಲ್ಲ.

ಎಲ್ಲ ಮುಗಿದ ಮೇಲೂ ಒಂದು ತಮಾಷೆ ಕಾಯುತ್ತಿರಬಹುದು. ಬೆಳಿಗ್ಗೆ 10ಕ್ಕೆ ವಿಂಡೋಸ್ ತೆರೆದರೆ ಗಡಿಯಾರ 4:30 ತೋರಿಸುತ್ತದೆ. ಮಿಂಟ್ ಬೋರ್ಡಿನ ಗಡಿಯಾರದಲ್ಲಿ ಯುಟಿಸಿ (ವಿಶ್ವದ ಪ್ರಮಾಣ ಸಮಯ) ಬರೆದಿರುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತದೆ. ನಡುವೆ ಸರಿಯಾಗಿ ಐದೂವರೆ ಗಂಟೆ. ಸೆಲ್ ಹೋಗಿದೆ ಅಂತ ಹೊಸ ಸೆಲ್ ಹಾಕಿಸುವವರೂ ಇದ್ದಾರೆ. ಟೈಮ್‌ಡೇಟ್‌ಸಿಟಿಎಲ್ (timedatectl) ಕಮಾಂಡ್‌ನಿಂದ ಮಿಂಟ್‌ಗೆ ಸ್ಥಳೀಯ ಸಮಯ ಬಳಸಲು ಹೇಳಿದರೆ ಮುಗಿಯಿತು.

ಕನ್ನಡದ ಬಗ್ಗೆ ಯಾರೂ ಮುಂಚೆ ಯೋಚಿಸುವುದಿಲ್ಲ. ಮಾಸ್ತರರು ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ನೋಟ್ಸ್ ಕಳಿಸುತ್ತಾರೆ. ಫಾಂಟ್ ಇಲ್ಲದ ಯಂತ್ರದಲ್ಲಿ “ಕನ್ನಡ” ಅನ್ನುವ ಪದದ ಜಾಗದಲ್ಲಿ ಒಂದು ಪಿ, ಒಂದು ಕ್ಯೂ, ನಡುವೆ ಪೌಂಡ್ ಗುರುತು, ಅಲ್ಲಲ್ಲಿ ತಲೆಯ ಮೇಲೆ ಗೆರೆ ಇರುವ ಎ. ಕಡತ ಕೆಟ್ಟಿಲ್ಲ, ಅದು ಯೂನಿಕೋಡ್ ಅಲ್ಲ, ಅಷ್ಟೇ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದರೆ ಯಾವ ಓಎಸ್‌ನಲ್ಲಾದರೂ ಓದಬಹುದು. ಟೈಪ್ ಮಾಡಲು ಮಿಂಟ್‌ನಲ್ಲಿ ಭಾಷೆಯ ಕೀಬೋರ್ಡ್ ಬದಲಿಸುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗೌಟ್ ಆಗಿ ಬಂದು, ಕನ್ನಡದಡಿ ಕೆಜಿಪಿ ಕೀಬೋರ್ಡ್ ಆರಿಸಿ. ಶಾಲೆಯಲ್ಲಿ ನುಡಿ ಕಲಿತ ಮಕ್ಕಳ ಬೆರಳಿಗೆ ಅದೇ ವಿನ್ಯಾಸ, ಎಫ್ ಒತ್ತಿದರೆ ಒತ್ತಕ್ಷರ. ವಿಂಡೋಸಿನ ಮಾಮೂಲಿ ಕನ್ನಡ ಕೀಬೋರ್ಡ್ ಇನ್‌ಸ್ಕ್ರಿಪ್ಟ್, ಅದರಲ್ಲಿ ಆ ಕೆಲಸ ಡಿಯದು. “ಕನ್ನಡ ಬರ್ತಾನೇ ಇಲ್ಲ” ಅನ್ನುವ ದೂರು ಎಷ್ಟೋ ಸಲ ಈ ಒಂದು ಕೀಲಿಯದು.

ವಿಂಡೋಸ್‌ನಲ್ಲಿ ಮಕ್ಕಳಿಗೆ ಸ್ಟ್ಯಾಂಡರ್ಡ್ ಖಾತೆ ಕೊಡಿ, ಅಡ್ಮಿನ್ ಪಾಸ್‌ವರ್ಡ್ ದೊಡ್ಡವರ ಹತ್ತಿರ ಇರಲಿ. ಮಿಂಟ್‌ನಲ್ಲಿ ಅಡ್ಮಿನ್ ಅವರಿಗೇ ಕೊಟ್ಟುಬಿಡಿ, ಕೆಡಿಸಲಿ. ಸಿಸ್ಟಂನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ಮೊದಲೇ ಚಾಲೂ ಮಾಡಿಟ್ಟಿದ್ದರೆ ಸಿಸ್ಟಂ ನಿನ್ನೆಯ ಸ್ಥಿತಿಗೆ ಮರಳುತ್ತದೆ. ಸ್ವಂತ ಕಡತಗಳಿರುವ ಹೋಮ್ ಫೋಲ್ಡರ್ ಮಾತ್ರ ಅದರಲ್ಲಿ ತಾನಾಗಿ ಸೇರುವುದಿಲ್ಲ, ನೋಟ್ಸ್‌ಗೆ ಬೇರೆ ಪೆನ್‌ಡ್ರೈವ್ ಇಡಿ.

ದಿನಾ ಹುಬ್ಬಳ್ಳಿಯಿಂದ ಚಿಗರಿ ಬಸ್‌ನಲ್ಲಿ ಧಾರವಾಡಕ್ಕೆ ಓಡಾಡುವ ಮಕ್ಕಳಿಗೆ 15.6 ಇಂಚಿನ ಗೇಮಿಂಗ್ ಯಂತ್ರ ಹೊರೆ, ಚಾರ್ಜರ್ ಇನ್ನೊಂದು ಹೊರೆ. 14 ಇಂಚು, ಒಂದೂವರೆ ಕಿಲೋ ಆಸುಪಾಸು ಸಾಕು, ಟೈಪ್-ಸಿಯಲ್ಲಿ ಚಾರ್ಜ್ ಆಗುವಂಥದ್ದಾದರೆ ಇನ್ನೂ ಹಗುರ. ಮನೆಗೆ ತಂದ ಮೇಲೆ ಚಾರ್ಜ್‌ಗೆ ಹಾಕಿದಾಗ ಮಾತ್ರ ಕರ್ಸರ್ ತಾನೇ ಕುಣಿದರೆ, ಲೋಹದ ಮೈ ಮುಟ್ಟಿದಾಗ ಜುಮ್ಮೆಂದರೆ, ಟಚ್‌ಪ್ಯಾಡ್ ಬದಲಿಸಲು ಓಡಬೇಡಿ. ಪ್ಲಗ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಕುಣಿತ ನಿಂತರೆ, ಮೊದಲು ಆ ಸಾಕೆಟ್‌ನ ಅರ್ಥಿಂಗ್ ನೋಡಿಸಿ; ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ವೈರೇ ಇರುವುದಿಲ್ಲ.