ಕಾನ್ಫಿಗರ್ ‘ನೋ’ ಅಂದರೆ ನಂಬಬೇಕಾ?

ಸೋರ್ಸ್ ಕೋಡ್ ಇಳಿಸಿಕೊಂಡು ಕಾನ್ಫಿಗರ್ ಸ್ಕ್ರಿಪ್ಟ್ (ಬಿಲ್ಡ್‌ಗೆ ಮುಂಚೆ ಯಂತ್ರದಲ್ಲಿ ಏನೇನಿದೆ ಅಂತ ಪರೀಕ್ಷಿಸುವುದು) ಓಡಿಸಿದವರಿಗೆಲ್ಲ ಇದು ಗೊತ್ತು. ‘ಚೆಕಿಂಗ್ ಫಾರ್...’ ಅಂತ ಸಾಲುಗಳು ಸರಸರನೆ ಮೇಲಕ್ಕೆ ಓಡುತ್ತವೆ, ಪ್ರತಿ ಸಾಲಿನ ಕೊನೆಗೊಂದು ‘ಯೆಸ್’ ಅಥವಾ ‘ನೋ’. ಅದನ್ನು ಯಾರೂ ಓದುವುದಿಲ್ಲ. ಕೊನೆಯಲ್ಲಿ ಎರರ್ ಕಾಣದಿದ್ದರೆ ಸಾಕು, ಕಂಪೈಲ್ ಮಾಡಿಸುವ ಮೇಕ್ ಕಮಾಂಡ್ ಕೊಡುತ್ತೇವೆ. ನನಗೆ ಸಂಬಳ ಬರುವುದು ಆ ಸಾಲುಗಳನ್ನು ಓದುವುದಕ್ಕೆ. ಬಿಲ್ಡ್ ಮತ್ತು ರಿಲೀಸ್ ನನ್ನ ಕೆಲಸ. ನಮ್ಮದು ಸಿ ಭಾಷೆಯಲ್ಲಿ ಬರೆದ ಗಣಿತದ ಲೈಬ್ರರಿ. ಸಿ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಂ) ಇರಲೇಬೇಕು. ಸಿ++ ಇದ್ದರೆ ಆ ಭಾಷೆಯಿಂದ ಕರೆಯಲು ಒಂದು ಹೊದಿಕೆ, ಫೋರ್ಟ್ರಾನ್ ಇದ್ದರೆ ಅದಕ್ಕೊಂದು. ಲಿನಕ್ಸ್, ಮ್ಯಾಕ್, ಫ್ರೀಬಿಎಸ್‌ಡಿ ಮೂರರಲ್ಲೂ ಓಡಬೇಕು. ಇದೇ ಕೆಲಸ ಮಾಡುತ್ತಾ ಬಂದು ನನಗೆ ಅನ್ನಿಸಿದ್ದು: ತೊಂದರೆ ಹೆಚ್ಚಾಗಿ ಹುಟ್ಟುವುದು ‘ಇರಲೇಬೇಕು’ ಅನ್ನುವ ಕಡೆ ಅಲ್ಲ, ‘ಇದ್ದರೆ’ ಅನ್ನುವ ಕಡೆ.

ಮೊದಲು ಕಂಪೈಲರ್ ಕಥೆ. ಹೊಸದಾಗಿ ಸೇರಿದ ಹುಡುಗ ಒಂದು ದಿನ ಬಂದು, “ಸರ್, ಕಾನ್ಫಿಗರ್ ಪಾಸ್ ಆಗಿದೆ, ಮೇಕ್ ಮಾತ್ರ ಎರರ್ 127 ಅಂತಿದೆ” ಅಂದ. 127 ಅಂದರೆ ಶೆಲ್‌ಗೆ ಆ ಕಮಾಂಡೇ ಸಿಕ್ಕಿಲ್ಲ. ಅವನ ಕಂಟೇನರ್‌ನಲ್ಲಿ ಸಿ ಕಂಪೈಲರ್ ಜಿಸಿಸಿ ಇತ್ತು, ಸಿ++ ಕಂಪೈಲರ್ ಜಿ++ ಇರಲಿಲ್ಲ. ಹಾಗಾದರೆ ಕಾನ್ಫಿಗರ್ ಹೇಗೆ ಪಾಸ್ ಆಯಿತು ಅನ್ನುವುದು ನ್ಯಾಯವಾದ ಪ್ರಶ್ನೆ.

ಕಾನ್ಫಿಗರ್ ಸ್ಕ್ರಿಪ್ಟನ್ನು ಹುಟ್ಟಿಸುವ ಸಾಧನ ಆಟೋಕಾನ್ಫ್. ಅದರಲ್ಲಿ ಸಿ++ ಕಂಪೈಲರ್ ಹುಡುಕುವ ಮ್ಯಾಕ್ರೋ (ಸಿದ್ಧ ಪರೀಕ್ಷೆಯ ತುಣುಕು) ಒಂದು ಉದ್ದನೆಯ ಪಟ್ಟಿ ಹಿಡಿದು ಹೊರಡುತ್ತದೆ: ಜಿ++, ಸಿ++, ಎಚ್‌ಪಿಯವರ ಎಸಿಸಿ, ಐಬಿಎಂನವರ ಎಕ್ಸ್‌ಎಲ್‌ಸಿ, ಈಗ ಯಾರೂ ಮುಟ್ಟದ ಕೆಸಿಸಿ ಹೀಗೆ. (ಆ ಪಟ್ಟಿಯನ್ನು ಓದುವುದೇ ಒಂದು ಮಜಾ, ಮುಚ್ಚಿಹೋದ ಕಂಪನಿಗಳ ಹೆಸರೆಲ್ಲ ಅಲ್ಲಿ ಇನ್ನೂ ಉಸಿರಾಡುತ್ತಿವೆ.) ಯಾವುದೂ ಸಿಗದಿದ್ದರೆ ನಿಲ್ಲುವುದಿಲ್ಲ, ಕೊನೆಗೆ ಕಂಪೈಲರ್‌ನ ಹೆಸರು ಇಡುವ ವೇರಿಯಬಲ್‌ನಲ್ಲಿ ‘ಜಿ++’ ಅಂತಲೇ ಬರೆದುಕೊಂಡು ಮುಂದೆ ಹೋಗುತ್ತದೆ. ಇದು ಬಗ್ ಅಲ್ಲ, ಕೈಪಿಡಿಯಲ್ಲೇ ಬರೆದಿದೆ. ಅದಕ್ಕಿಂತ ಮುಂಚೆ ಸಿ ಕಂಪೈಲರ್ ಪರೀಕ್ಷೆ ಮುಗಿದಿದ್ದರೆ, ‘ಈ ಕಂಪೈಲರ್ ಕೆಲಸ ಮಾಡುತ್ತದಾ’ ಅನ್ನುವ ಪರೀಕ್ಷೆ ಸಿ++ಗೆ ಮತ್ತೆ ನಡೆಯುವುದಿಲ್ಲ. ಆದ್ದರಿಂದ ಆ ವೇರಿಯಬಲ್ ಖಾಲಿ ಇದೆಯಾ ಅಂತ ನೋಡಿ ‘ಸಿ++ ಇದೆ’ ಎಂದು ತೀರ್ಮಾನಿಸುವ ಸ್ಕ್ರಿಪ್ಟ್‌ಗಳೆಲ್ಲ ಮೋಸ ಹೋಗುತ್ತವೆ. ಫೋರ್ಟ್ರಾನ್‌ದು ಬೇರೆ ರಾಗ: ಸಿಗದಿದ್ದರೆ ವೇರಿಯಬಲ್ ಖಾಲಿ ಉಳಿಯುತ್ತದೆ, ಆದರೆ ಫಂಕ್ಷನ್ ಹೆಸರಿಗೆ ಅಂಡರ್‌ಸ್ಕೋರ್ ಸೇರಿಸುತ್ತಾ ಇಲ್ಲವಾ ಅಂತ ಪತ್ತೆ ಮಾಡುವ ಮುಂದಿನ ಮ್ಯಾಕ್ರೋ, ಸರಳ ಪ್ರೋಗ್ರಾಂ ಕೂಡ ಕಂಪೈಲ್ ಆಗಲಿಲ್ಲ ಅಂತ ಇಡೀ ಕಾನ್ಫಿಗರ್ ಅನ್ನೇ ನಿಲ್ಲಿಸಿಬಿಡುತ್ತದೆ. ಒಂದೇ ಸಾಧನ, ಒಂದು ಭಾಷೆಗೆ ಸುಳ್ಳು ಭರವಸೆ, ಇನ್ನೊಂದಕ್ಕೆ ಸಾವು.

ಪಾತ್‌ನಲ್ಲಿ (ಶೆಲ್ ಕಮಾಂಡ್ ಹುಡುಕುವ ಫೋಲ್ಡರ್‌ಗಳಲ್ಲಿ) ಹೆಸರು ಸಿಕ್ಕಿದರೂ ಸಾಲದು. ಮ್ಯಾಕ್‌ನಲ್ಲಿ ಡೆವಲಪರ್ ಸಾಧನಗಳನ್ನು ಇನ್‌ಸ್ಟಾಲ್ ಮಾಡದಿದ್ದರೂ ಜಿ++ ಹೆಸರಿನ ಫೈಲ್ ಇರುತ್ತದೆ. ಓಡಿಸಿದರೆ ‘ಇನ್‌ಸ್ಟಾಲ್ ಮಾಡಲಾ’ ಅಂತ ಕಿಟಕಿಯೊಂದು ತೆರೆಯುತ್ತದೆ. ಇನ್‌ಸ್ಟಾಲ್ ಮಾಡಿದ ಮೇಲೂ ಆ ಹೆಸರಿನ ಹಿಂದೆ ಇರುವುದು ಕ್ಲ್ಯಾಂಗ್ ಅನ್ನುವ ಬೇರೆ ಕಂಪೈಲರ್. ಹಾಗಾಗಿ ನಾವೀಗ ಮಾಡುವುದಿಷ್ಟು: ಮ್ಯಾಕ್ರೋ ಮುಗಿದ ಕೂಡಲೇ ಭಾಷೆಯನ್ನು ಸಿ++ಗೆ ಬದಲಿಸಿ, ವೆಕ್ಟರ್ ಹೆಡರ್ (ಘೋಷಣೆಗಳ ಫೈಲ್) ಸೇರಿಸಿದ ನಾಲ್ಕು ಸಾಲಿನ ಪ್ರೋಗ್ರಾಂ ಕಂಪೈಲ್ ಮಾಡಿ, ಲಿಂಕ್ ಕೂಡ ಮಾಡಿ ನೋಡುತ್ತೇವೆ. ಎರಡೂ ಆದರೆ ಮಾತ್ರ ‘ಇದೆ’. ಖಾಲಿ ಮೇನ್ ಫಂಕ್ಷನ್ ಸಾಲದು, ಕಂಪೈಲರ್ ಇದ್ದು ಸ್ಟ್ಯಾಂಡರ್ಡ್ ಲೈಬ್ರರಿ ಇಲ್ಲದ ಯಂತ್ರಗಳೂ ಇವೆ. ಇನ್ನೊಂದು ಮಾತು, ಆಟೋಕಾನ್ಫ್ ಬರೆಯುವವರಿಗೆ: ಇಂಥ ಪರೀಕ್ಷೆಗಳನ್ನು ಶೆಲ್‌ನ ಬರಿಯ ‘ಇಫ್’ ಒಳಗೆ ಇಡಬೇಡಿ. ಒಳಗಿನ ಮ್ಯಾಕ್ರೋಗೆ ಬೇಕಾದ ಬೇರೆ ಮ್ಯಾಕ್ರೋಗಳೂ ಅದೇ ‘ಇಫ್’ ಒಳಗೆ ಬಂದು ಕೂರುತ್ತವೆ. ಆ ಕವಲು ಹಾರಿಹೋದರೆ ಅವೂ ಓಡುವುದಿಲ್ಲ. ಅದಕ್ಕೆಂದೇ ಎಎಸ್_ಇಫ್ ಅನ್ನುವ ಮ್ಯಾಕ್ರೋ ಇದೆ.

ಆಟೋಕಾನ್ಫ್ ಬದಲು ಬಳಸುವ ಸಿಮೇಕ್‌ನಲ್ಲಿ ಇದೆಲ್ಲ ಸುಲಭ ಅನ್ನುವವರಿಗೆ: ಅಲ್ಲಿ ಭಾಷೆಯನ್ನು ಸೇರಿಸುವ ಆಜ್ಞೆಗೆ ‘ಆಪ್ಷನಲ್’ ಅಂತ ಪದ ಸೇರಿಸಬಹುದು. ಅದು ಮುಂದೆಂದೋ ಮಾಡುವ ಕೆಲಸಕ್ಕೆ ಕಾದಿರಿಸಿದ ಜಾಗ, ಸದ್ಯಕ್ಕೆ ಏನೂ ಮಾಡುವುದಿಲ್ಲ ಅಂತ ದಾಖಲೆಯಲ್ಲೇ ಇದೆ. ಮೊದಲು ‘ಚೆಕ್ ಲ್ಯಾಂಗ್ವೇಜ್’ ಮಾಡಿ, ಸಿಕ್ಕಿದರೆ ಮಾತ್ರ ಸೇರಿಸಬೇಕು. ಮತ್ತೆ, ಪ್ರಾಜೆಕ್ಟ್ ಸಾಲಿನಲ್ಲಿ ಭಾಷೆ ಹೇಳದಿದ್ದರೆ ಸಿ, ಸಿ++ ಎರಡೂ ಕಡ್ಡಾಯ ಅಂತಲೇ ಅದು ತಿಳಿಯುತ್ತದೆ. ಶುದ್ಧ ಸಿ ಪ್ರಾಜೆಕ್ಟ್‌ಗಳು ಜಿ++ ಇಲ್ಲ ಅಂತ ಬೀಳುವುದು ಇದರಿಂದಲೇ. ಈ ವಿಷಯದಲ್ಲಿ ಮೆಸನ್ ಅನ್ನುವ ಇನ್ನೊಂದು ಬಿಲ್ಡ್ ಸಾಧನ ನನಗೆ ಹಿಡಿಸಿತು, ‘ರಿಕ್ವೈರ್ಡ್ ಫಾಲ್ಸ್’ ಅಂದರೆ ಹೇಳಿದ ಹಾಗೆ ನಡೆದುಕೊಳ್ಳುತ್ತದೆ.

ಇಷ್ಟೂ ಸದ್ದು ಮಾಡುವ ಜಾತಿಯ ತಪ್ಪುಗಳು. ಬಿಲ್ಡ್ ಬೀಳುತ್ತದೆ, ಯಾರಾದರೂ ಬಂದು ಕರೆಯುತ್ತಾರೆ. ನನಗೆ ಹೆದರಿಕೆ ಇರುವುದು ಸದ್ದಿಲ್ಲದ ಜಾತಿಯ ಬಗ್ಗೆ.

ಆಟೋಕಾನ್ಫ್ ಅನ್ನು ಡೇವಿಡ್ ಮೆಕೆಂಜಿ 1991ರಲ್ಲಿ ಶುರು ಮಾಡಿದರು. ಅದರ ಮೂಲ ಯೋಚನೆ ಈಗಲೂ ಸರಿ ಅಂತಲೇ ನನ್ನ ಅಭಿಪ್ರಾಯ: ಯಂತ್ರದ ಹೆಸರು ಕೇಳಬೇಡ, ನಿನಗೆ ಬೇಕಾದ ಸೌಲಭ್ಯ ಇದೆಯಾ ಅಂತ ಸಣ್ಣ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿ ನೋಡು. ಆದರೆ ಕಂಪೈಲ್ ಆಗದಿದ್ದರೆ ಉತ್ತರ ‘ನೋ’, ಕಾರಣ ಏನೇ ಇರಲಿ. ಅಂಗಡಿಗೆ ಕಳಿಸಿದ ಮಗು ‘ಇಲ್ವಂತೆ’ ಅಂತ ಬರಿಗೈಯಲ್ಲಿ ಬಂದ ಹಾಗೆ. ಸಾಮಾನು ಮುಗಿದಿತ್ತೋ, ಇದು ಹೆಸರೇ ತಪ್ಪು ಹೇಳಿತೋ, ತಿಳಿಯುವುದಿಲ್ಲ.

2024ರಲ್ಲಿ ಜಿಸಿಸಿ 14 ಬಂತು. ಹಳೆಯ ಸಿಯಲ್ಲಿ ನಡೆಯುತ್ತಿದ್ದ ಕೆಲವು ಸಡಿಲ ಬರವಣಿಗೆಗಳು ಅಲ್ಲಿಂದ ಎಚ್ಚರಿಕೆ ಅಲ್ಲ, ಎರರ್. ಮೇನ್‌ನ ಮುಂದೆ ‘ಇಂಟ್’ ಬರೆಯದಿದ್ದರೆ ಎರರ್, ಹೆಡರ್ ಸೇರಿಸದೆ ಎಕ್ಸಿಟ್ ಕರೆದರೆ ಎರರ್. ಕ್ಲ್ಯಾಂಗ್ 16 ಒಂದು ವರ್ಷ ಮೊದಲೇ ಹೀಗೆ ಮಾಡಿತ್ತು, ಆಪಲ್‌ನ ಎಕ್ಸ್‌ಕೋಡ್ 12 ಅದಕ್ಕೂ ಮೊದಲು, 2020ರಲ್ಲಿ ಘೋಷಿಸದ ಫಂಕ್ಷನ್‌ಗಳ ಮಟ್ಟಿಗೆ. ನಮ್ಮ ಸ್ಕ್ರಿಪ್ಟ್‌ನಲ್ಲಿ ಎಮ್‌ಮ್ಯಾಪ್ (ಫೈಲನ್ನು ನೇರ ಮೆಮೊರಿಗೆ ಜೋಡಿಸುವ ಫಂಕ್ಷನ್) ಕೆಲಸ ಮಾಡುತ್ತದಾ ಅಂತ ನೋಡುವ ಒಂದು ಹಳೆಯ ಪರೀಕ್ಷೆ ಇತ್ತು, ನಾನು ಸೇರುವ ಮುಂಚಿನದು. ಅದು ಶುರುವಾಗುವುದೇ ಬರಿಯ ‘ಮೇನ್’ ಅಂತ. ಹೊಸ ಕಂಪೈಲರ್ ಮೇಲೆ ಅದು ಬಿತ್ತು, ಕಾನ್ಫಿಗರ್ ‘ಎಮ್‌ಮ್ಯಾಪ್... ನೋ’ ಅಂದಿತು, ಕೋಡ್ ಸುಮ್ಮನೆ ರೀಡ್ ಮಾಡುವ ಹಳೆಯ ದಾರಿ ಹಿಡಿಯಿತು. ಬಿಲ್ಡ್ ಸರಿ, ಟೆಸ್ಟ್‌ಗಳೆಲ್ಲ ಹಸಿರು. ಗ್ರಾಹಕರೊಬ್ಬರು ‘ಹೊಸ ಆವೃತ್ತಿ ದೊಡ್ಡ ಫೈಲ್‌ಗಳಲ್ಲಿ ನಿಧಾನ’ ಅಂದಾಗಲೇ ಹುಡುಕಲು ಕೂತಿದ್ದು. ಕಾನ್ಫಿಗ್.ಲಾಗ್ ತೆರೆದು ಆ ಪರೀಕ್ಷೆಯ ಹತ್ತಿರ ಹೋದರೆ ಒಂದೇ ಸಾಲು: ರಿಟರ್ನ್ ಟೈಪ್ ಡಿಫಾಲ್ಟ್ಸ್ ಟು ಇಂಟ್, ಎರರ್. ಎಮ್‌ಮ್ಯಾಪ್‌ವರೆಗೆ ಕಂಪೈಲರ್ ಬಂದೇ ಇರಲಿಲ್ಲ.

ಈ ‘ನೋ’ವನ್ನು ಯಾರೂ ಪ್ರಶ್ನಿಸುವುದಿಲ್ಲ ಅನ್ನುವುದು ಕೆಟ್ಟವರಿಗೂ ಗೊತ್ತು. 2024ರ ಮಾರ್ಚ್‌ನಲ್ಲಿ ಎಂಜಿನಿಯರ್ ಆಂಡ್ರೆಸ್ ಫ್ರಾಯಂಡ್ ಎಕ್ಸ್‌ಝಡ್ ಅನ್ನುವ ಕಂಪ್ರೆಷನ್ ಲೈಬ್ರರಿಯಲ್ಲಿ ಬಚ್ಚಿಟ್ಟಿದ್ದ ಹಿಂಬಾಗಿಲನ್ನು ಬಯಲು ಮಾಡಿದ್ದು ಎಲ್ಲರಿಗೂ ನೆನಪಿದೆ. ಅದರ ಬೆನ್ನಿಗೇ ಸಿಕ್ಕಿದ ಇನ್ನೊಂದು ಕೈಚಳಕ ನನ್ನ ವೃತ್ತಿಯವರಿಗೆ ಹೆಚ್ಚು ನಾಟಬೇಕು. ಪ್ರೋಗ್ರಾಂಗೆ ಬೇಲಿ ಹಾಕುವ ಲ್ಯಾಂಡ್‌ಲಾಕ್ ಅನ್ನುವ ಸೌಲಭ್ಯ ಲಿನಕ್ಸ್ 5.13ರಿಂದ ಇದೆ. ಅದು ಇದೆಯಾ ಅಂತ ನೋಡುವ ಪರೀಕ್ಷೆ ಎಕ್ಸ್‌ಝಡ್‌ನ ಸಿಮೇಕ್ ಫೈಲ್‌ನಲ್ಲಿತ್ತು. ಹೆಡರ್ ಸಾಲುಗಳ ಕೆಳಗೆ, ಫಂಕ್ಷನ್‌ನ ಮೇಲೆ, ಒಂಟಿ ಚುಕ್ಕಿ. ಅಷ್ಟೇ. ಆ ಚುಕ್ಕಿಯಿಂದ ಪರೀಕ್ಷೆಯ ಕೋಡ್ ಯಾವ ಯಂತ್ರದಲ್ಲೂ ಕಂಪೈಲ್ ಆಗುವುದಿಲ್ಲ, ಆದ್ದರಿಂದ ಎಲ್ಲೆಡೆ ‘ನೋ’, ಬೇಲಿ ಇಲ್ಲದೆ ಬಿಲ್ಡ್. ಡಿಫ್ (ಬದಲಾದ ಸಾಲುಗಳ ಪಟ್ಟಿ) ನೋಡುವಾಗ ಅದು ಪರದೆಯ ಮೇಲಿನ ಧೂಳು ಅಂತ ಒರೆಸಿಬಿಡುವಷ್ಟು ಚಿಕ್ಕದು.

ಹೆಡರ್‌ಗಳಲ್ಲಿ ಇದೇ ಗೋಳು ಇನ್ನೊಂದು ರೂಪದಲ್ಲಿ. ಹಳೆಯ ಆಟೋಕಾನ್ಫ್ ಪ್ರಿಪ್ರೊಸೆಸರ್‌ಗೆ ಫೈಲ್ ಸಿಕ್ಕಿತಾ ಅಂತಲೂ ನೋಡುತ್ತಿತ್ತು, ಕಂಪೈಲ್ ಆಗುತ್ತಾ ಅಂತಲೂ ನೋಡುತ್ತಿತ್ತು. ಎರಡೂ ಹೊಂದದಿದ್ದರೆ ‘ಇದೆ, ಆದರೆ ಕಂಪೈಲ್ ಆಗುವುದಿಲ್ಲ’ ಅಂತ ದೊಡ್ಡ ಎಚ್ಚರಿಕೆ ಕೊಡುತ್ತಿತ್ತು. 2020ರ 2.70 ಆವೃತ್ತಿಯಿಂದ ಕಂಪೈಲ್ ಒಂದೇ ಲೆಕ್ಕ. ಒಳ್ಳೆಯದೇ, ಆದರೆ ಆ ಎಚ್ಚರಿಕೆಯೂ ಹೋಯಿತು. ಡಾರ್ವಿನ್‌ನಲ್ಲಿ (ಮ್ಯಾಕ್‌ನ ಬುಡದಲ್ಲಿರುವ ವ್ಯವಸ್ಥೆ) ನೆಟ್/ಇಫ್.ಎಚ್‌ಗೆ ಮುಂಚೆ ಸಿಸ್/ಸಾಕೆಟ್.ಎಚ್ ಬೇಕು ಅಂತ ಆಟೋಕಾನ್ಫ್ ಕೈಪಿಡಿಯಲ್ಲಿದೆ. ಅಂಥ ಕಡೆ ಮೊದಲು ಸೇರಿಸಬೇಕಾದ ಹೆಡರ್‌ಗಳನ್ನು ಪರೀಕ್ಷೆಗೂ ಕೊಡಬೇಕು. ಕೊಡದಿದ್ದರೆ ಎದುರಿಗೇ ಇರುವ ಹೆಡರ್‌ಗೆ ‘ನೋ’.

ತದ್ವಿರುದ್ಧವೂ ಉಂಟು. ಸಿಸ್/ಸಿಸ್‌ಸಿಟಿಎಲ್.ಎಚ್ ಬಿಎಸ್‌ಡಿ ಕುಟುಂಬದ ಹೆಡರ್. ಅದು ಇದ್ದರೆ ಸಿಸ್‌ಸಿಟಿಎಲ್‌ಬೈನೇಮ್ ಫಂಕ್ಷನ್ ಕೂಡ ಇರುತ್ತದೆ ಅಂದುಕೊಂಡು ಬರೆದ ಕೋಡ್ ಬಹಳ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲೂ ಆ ಹೆಸರಿನ ಹೆಡರ್ ಇತ್ತು, ಆ ಫಂಕ್ಷನ್ ಮಾತ್ರ ಇರಲಿಲ್ಲ. 2020ರ ಜಿಲಿಬ್‌ಸಿ 2.32ರಲ್ಲಿ ಹೆಡರನ್ನೂ ತೆಗೆದರು. ನಿಮಗೆ ಬೇಕಿರುವುದು ಫಂಕ್ಷನ್ ಆದರೆ ಫಂಕ್ಷನ್ ಅನ್ನೇ ಕೇಳಿ.

ಇಷ್ಟೆಲ್ಲ ಆದ ಮೇಲೆ ನಮ್ಮ ಟೀಮಿನಲ್ಲಿ ಪದ್ಧತಿ ಬದಲಾಗಿದೆ. ಪ್ರತಿ ಐಚ್ಛಿಕ ಭಾಗಕ್ಕೂ ಮೂರು ಸ್ಥಿತಿ: ಯೆಸ್, ನೋ, ಆಟೋ. ಯೆಸ್ ಅಂದು ಸಿಗದಿದ್ದರೆ ಕಾನ್ಫಿಗರ್ ಅಲ್ಲೇ ನಿಲ್ಲಬೇಕು, ನೋ ಅಂದರೆ ಹುಡುಕಲೇಬಾರದು. ಆಟೋ ಇರುವುದು ಡೆವಲಪರ್‌ಗಳ ಲ್ಯಾಪ್‌ಟಾಪ್‌ಗೆ; ರಿಲೀಸ್ ಬಿಲ್ಡ್‌ನಲ್ಲಿ ಅದಕ್ಕೆ ಪ್ರವೇಶವಿಲ್ಲ. ಜೆಂಟೂ ಲಿನಕ್ಸ್‌ನವರು ಕೇಳದೇ ತಾನಾಗಿ ಸೇರಿಕೊಳ್ಳುವ ಅವಲಂಬನೆಗಳನ್ನು ‘ಆಟೋಮ್ಯಾಜಿಕ್’ ಅಂತ ಬೈಯುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದು: ಇಂದಿನ ಯಂತ್ರದಲ್ಲಿ ಬಿಲ್ಡ್ ಆದ ಪ್ಯಾಕೇಜ್ ನಾಳೆ ಬೇರೆ ಯಂತ್ರದಲ್ಲಿ ಬೇರೆಯೇ ಆಗಿ ಬರುತ್ತದೆ.

ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಸೋಮಾರಿ ಉಪಾಯ. ಪ್ರತಿ ಪ್ಲಾಟ್‌ಫಾರ್ಮ್‌ನಲ್ಲಿ ಹುಟ್ಟುವ, ಪರೀಕ್ಷೆಗಳ ಉತ್ತರಗಳಿರುವ ಕಾನ್ಫಿಗ್.ಎಚ್ ಫೈಲನ್ನು ಗಿಟ್‌ನಲ್ಲಿ ಇಟ್ಟಿದ್ದೇವೆ. ಹೊಸ ಕಂಪೈಲರ್ ಅಥವಾ ಹೊಸ ಇಮೇಜ್ ಬಂದಾಗ ಸಿಐ (ತಾನಾಗಿ ಬಿಲ್ಡ್ ಮಾಡಿ ನೋಡುವ ವ್ಯವಸ್ಥೆ) ಹೊಸದನ್ನೂ ಹಳೆಯದನ್ನೂ ಡಿಫ್ ಮಾಡುತ್ತದೆ. ಒಂದು ಸಾಲು ಬದಲಾದರೂ ಬಿಲ್ಡ್ ಕೆಂಪು, ಯಾಕೆ ಬದಲಾಯಿತು ಅಂತ ಕಮಿಟ್ ಸಂದೇಶದಲ್ಲಿ ಬರೆದ ಮೇಲೇ ಹಸಿರು. ಎಮ್‌ಮ್ಯಾಪ್ ಪ್ರಕರಣದಲ್ಲಿ ಇದು ಇದ್ದಿದ್ದರೆ ಗ್ರಾಹಕರವರೆಗೆ ಹೋಗುತ್ತಿರಲಿಲ್ಲ. ಆರ್ಮ್ ಬೋರ್ಡ್‌ಗಳಿಗೆ ಕ್ರಾಸ್ ಕಂಪೈಲ್ (ಬೇರೆ ಜಾತಿಯ ಯಂತ್ರದಲ್ಲಿ ಕೂತು ಕಂಪೈಲ್) ಮಾಡುವಾಗ ಪರೀಕ್ಷೆಯ ಪ್ರೋಗ್ರಾಂ ಓಡಿಸಲು ಆಗದು, ಉತ್ತರಗಳನ್ನು ನಾವೇ ಕ್ಯಾಶ್ ಫೈಲ್‌ನಲ್ಲಿ ಬರೆದುಕೊಡುತ್ತೇವೆ. ಅಲ್ಲೂ ಇದೇ ಡಿಫ್ ಕಾವಲು.

ಫೋರ್ಟ್ರಾನ್ ವಿಷಯದಲ್ಲಿ ಮಾತ್ರ ಟೀಮಿನಲ್ಲಿ ಇನ್ನೂ ಜಗಳ ಮುಗಿದಿಲ್ಲ. ಡಿಫಾಲ್ಟ್ ಆಟೋ ಇರಲಿ, ಹೊಸಬರು ಜಿಫೋರ್ಟ್ರಾನ್ ಇಲ್ಲ ಅಂತ ಮೊದಲ ದಿನವೇ ಎರರ್ ನೋಡಬಾರದು ಅಂತ ಅರ್ಧ ಜನ. ಡಿಫಾಲ್ಟ್ ನೋ ಇರಲಿ, ಬೇಕಾದವರು ಕೇಳಿ ಪಡೆಯಲಿ ಅಂತ ನಾನು. ಮುಂದಿನ ರಿಲೀಸ್‌ಗೆ ಮುಂಚೆ ತೀರ್ಮಾನ ಆಗಬೇಕು.