ಪೋಷಕರ ಸಭೆಯಲ್ಲಿ ಸಿನಿಮಾ ಮಾತು

ದೊಡ್ಡ ನಟನ ಚಿತ್ರ ಶುಕ್ರವಾರ ಬಂದರೆ ಸೋಮವಾರ ಪ್ರಾರ್ಥನೆಯ ಸಾಲಿನಲ್ಲೇ ಅದರ ಡೈಲಾಗು ಕೇಳಿಸುತ್ತದೆ. ಮೂರನೇ ತರಗತಿಯ ಹುಡುಗ ಅಡಿಕೋಲನ್ನು ಮಚ್ಚಿನ ಹಾಗೆ ಹಿಡಿದಿರುತ್ತಾನೆ. ಸ್ಟಾಫ್ ರೂಮಿನಲ್ಲಿ ಆಗ ಏಳುವ ಮಾತು ಒಂದೇ: ‘ಈ ಅಪ್ಪ ಅಮ್ಮಂದಿರಿಗೆ ಯಾರಾದರೂ ಹೇಳಬಾರದೇನ್ರೀ?’

ಹೇಳಬಹುದು, ಹೇಳಲೂಬೇಕು. ಆದರೆ ಸರ್ಕಾರಿ ಶಾಲೆ ‘ಈ ಸಿನಿಮಾ ನೋಡಿ, ಆ ಸಿನಿಮಾ ಬೇಡ’ ಎಂದು ಪಟ್ಟಿ ಬರೆಯಲು ಕೂತರೆ ಕೆಲಸ ಕೆಡುತ್ತದೆ. ಪಟ್ಟಿ ಯಾವತ್ತೂ ತಡ. ಅದು ಪೋಷಕರ ಕೈಸೇರುವಷ್ಟರಲ್ಲಿ ಚಿತ್ರ ಒಟಿಟಿಗೆ ಬಂದಿರುತ್ತದೆ. ಇನ್ನು ಭಾಷೆ. ಪಾವಗಡ, ಬಾಗೇಪಲ್ಲಿ, ಗೌರಿಬಿದನೂರು, ಶ್ರೀನಿವಾಸಪುರ, ಮುಳಬಾಗಿಲಿನ ಕಡೆ ಮನೆಮನೆಯಲ್ಲೂ ತೆಲುಗು ಸಿನಿಮಾ. ಕೆಜಿಎಫ್, ಬಂಗಾರಪೇಟೆಯಲ್ಲಿ ತಮಿಳು. ಇಷ್ಟನ್ನೂ ಮುಂಚಿತವಾಗಿ ನೋಡಿ ತೂಗುವ ಮೇಷ್ಟ್ರು ಎಲ್ಲಿದ್ದಾರೆ? ಮತಗಟ್ಟೆ ಕೆಲಸ, ಮಕ್ಕಳ ದಾಖಲೆ ತುಂಬುವ ಸ್ಯಾಟ್ಸ್ ಎಂಟ್ರಿ, ಬಿಸಿಯೂಟದ ಲೆಕ್ಕದ ನಡುವೆ ಪಾಠಕ್ಕೇ ಪುರುಸೊತ್ತು ಸಾಲದು. ಕೊನೆಗೆ ಪಟ್ಟಿಯಲ್ಲಿ ಉಳಿಯುವುದು ಒಬ್ಬರ ರುಚಿ ಅಥವಾ ಒಬ್ಬರ ಜಾತಿ–ಧರ್ಮದ ಮುನಿಸು. ಅದಕ್ಕೆ ಶಾಲೆಯ ಮೊಹರು ಬಿದ್ದರೆ ಅದು ಸರ್ಕಾರದ ಮಾತಾಗುತ್ತದೆ. ಅಭಿಮಾನಿ ಸಂಘದವರು ಮಾರನೇ ದಿನ ಗೇಟಿಗೆ ಬರುತ್ತಾರೆ. ಬೇಡ ಅಂದ ಸಿನಿಮಾವನ್ನೇ ಮಕ್ಕಳು ಹುಡುಕಿ ನೋಡುವುದಂತೂ ಇದ್ದೇ ಇದೆ.

ತೂಗುವ ಕೆಲಸವನ್ನು ಮಾಡಲು ಬೇರೆಯವರಿದ್ದಾರೆ, ಸಿನಿಮಾಗೆ ಸರ್ಟಿಫಿಕೇಟು ಕೊಡುವ ಸೆನ್ಸಾರ್ ಮಂಡಳಿಯವರು. ಅವರು ಹಾಕಿದ ಗುರುತನ್ನು ಓದಲು ಯಾರೂ ಕಲಿಸಿಲ್ಲ, ಶಾಲೆಗೆ ಇರುವ ಕೆಲಸ ಅಲ್ಲಿದೆ.

1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂತು. ಮೊದಲು ಯು/ಎ ಅಂದರೆ ಒಂದೇ ಮೂಟೆ: 12 ವರ್ಷದೊಳಗಿನವರು ಪೋಷಕರ ಮಾರ್ಗದರ್ಶನದಲ್ಲಿ ನೋಡುವುದು. ಈಗ ಅದು ಯು/ಎ 7+, ಯು/ಎ 13+, ಯು/ಎ 16+ ಎಂದು ಮೂರಾಗಿದೆ. ಯು ಎಲ್ಲರಿಗೂ. ಎ ಅಂದರೆ 18 ತುಂಬಿದವರಿಗೆ ಮಾತ್ರ. ಅಪ್ಪನ ಜೊತೆ ಬಂದರೂ ಹತ್ತನೇ ಕ್ಲಾಸಿನ ಹುಡುಗನನ್ನು ಒಳಗೆ ಬಿಡುವ ಹಾಗಿಲ್ಲ. ಪೋಷಕರಿಗೆ ಗೊತ್ತಿಲ್ಲದ ಮುಖ್ಯ ಸಂಗತಿ ಮುಂದಿನದು. ಯು/ಎ ಜೊತೆಗಿನ ವಯಸ್ಸಿನ ಗುರುತು ತಂದೆತಾಯಿ, ಪೋಷಕರ ವಿವೇಚನೆಗೆ ಬಿಟ್ಟದ್ದು, ಬೇರೆ ಯಾರೂ ಅದನ್ನು ಜಾರಿ ಮಾಡುವಂತಿಲ್ಲ ಎಂದು ತಿದ್ದುಪಡಿಯೇ ಹೇಳುತ್ತದೆ. ಅಂದರೆ ಆರು ವರ್ಷದ ಮಗುವನ್ನು 16+ ಚಿತ್ರಕ್ಕೆ ಕರೆದೊಯ್ದರೆ ಟಿಕೆಟ್ ಹರಿಯುವವನು ತಡೆಯುವುದಿಲ್ಲ. ‘ಒಳಗೆ ಬಿಟ್ಟರಲ್ಲ, ಮಕ್ಕಳು ನೋಡಬಹುದು ಅಂತಲೇ ಅರ್ಥ’ ಎಂದುಕೊಳ್ಳುವುದು ಇಲ್ಲಿನ ಮಾಮೂಲಿ ತಪ್ಪು.

ವಯಸ್ಸಿಗಿಂತ ತರಗತಿಯ ಲೆಕ್ಕ ಪೋಷಕರಿಗೆ ಬೇಗ ಹತ್ತುತ್ತದೆ. ಒಂದನೇ ತರಗತಿಗೆ ಆರು ವರ್ಷಕ್ಕೆ ಸೇರಿದ ಮಗುವಿಗೆ ಎರಡನೇ ತರಗತಿಯ ಹೊತ್ತಿಗೆ ಏಳು, ಎಂಟನೇ ತರಗತಿಯಲ್ಲಿ ಹದಿಮೂರು, ಪಿಯುಸಿಗೆ ಬಂದಾಗ ಹದಿನಾರು. ಹಾಗಾದರೆ ಒಂದರಿಂದ ಏಳರವರೆಗಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 13+ ಚಿತ್ರಕ್ಕೆ ವಯಸ್ಸಾದ ಮಕ್ಕಳು ಕಡಿಮೆ ಅನ್ನಬಹುದು. ‘ಹೈಸ್ಕೂಲಿಗೆ ಹೋಗುವವರೆಗೆ 13+ ಬೇಡ, ಕಾಲೇಜಿಗೆ ಹೋಗುವವರೆಗೆ 16+ ಬೇಡ’ ಎಂದು ನೋಟಿಸ್ ಬೋರ್ಡಿನಲ್ಲಿ ಬರೆದರೆ ಯಾವ ಚಿತ್ರದ ಹೆಸರೂ ಬೇಕಿಲ್ಲ, ಯಾವ ಸಂಘವೂ ಬರುವುದಿಲ್ಲ.

ಗುರುತು ಎಲ್ಲಿರುತ್ತದೆ? ಪೋಸ್ಟರಿನ ಮೂಲೆಯಲ್ಲಿ, ಟಿಕೆಟ್ ಕಾಯ್ದಿರಿಸುವ ಆ್ಯಪ್‌ನಲ್ಲಿ ಚಿತ್ರದ ಹೆಸರಿನ ಕೆಳಗೆ, ಚಿತ್ರ ಶುರುವಾಗುವ ಮುಂಚೆ ಪರದೆಯ ಮೇಲೆ ಬರುವ ಸರ್ಟಿಫಿಕೇಟಿನಲ್ಲಿ. ಕೊನೆಯದನ್ನು ನಂಬಿ ಕೂರಬಾರದು. ಅಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ, ದುಡ್ಡು ಕೊಟ್ಟ ಮೇಲೆ ಎದ್ದುಬರುವವರು ಕಡಿಮೆ. ಯೂಟ್ಯೂಬಿನ ಟ್ರೇಲರ್ ನೋಡಿ ತೀರ್ಮಾನಿಸುವುದೂ ಬೇಡ, ಅದು ಸೆನ್ಸಾರ್ ಮಂಡಳಿಯ ಮುಂದೆ ಹೋಗಿಬಂದದ್ದೇ ಆಗಿರಬೇಕೆಂದಿಲ್ಲ.

ಮನೆಯ ಪರದೆಯ ಕಥೆ ಇನ್ನೂ ಗೋಜಲು. 2021ರ ಐಟಿ ನಿಯಮಗಳ ಪ್ರಕಾರ ಒಟಿಟಿಯವರು ತಮ್ಮ ಚಿತ್ರಗಳಿಗೆ ತಾವೇ ಇದೇ ಬಗೆಯ ವಯಸ್ಸಿನ ಗುರುತು ಹಾಕಬೇಕು, ಒಳಗೇನಿದೆ ಎಂದು ಸೂಚಿಸಬೇಕು, 13+ ಮತ್ತು ಮೇಲಿನದಕ್ಕೆ ಬೀಗ ಹಾಕಿಕೊಳ್ಳುವ ಸೌಲಭ್ಯ ಕೊಡಬೇಕು. ಸೂಚನೆ ಬರುತ್ತದೆ ನಿಜ, ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಬಹುಪಾಲು ಇಂಗ್ಲಿಷಿನಲ್ಲಿ. ರೇಷ್ಮೆ ನೂಲು ತೆಗೆದು ದಣಿದು ಬಂದ ಶಿಡ್ಲಘಟ್ಟದ ತಾಯಿಗೆ ಅದು ಏನು ಹೇಳೀತು? ಶಾಲೆ ಒಂದು ಹಾಳೆ ಮಾಡಿ ಕೊಡಬಹುದು. ‘ವಯಲೆನ್ಸ್’ ಹೊಡೆದಾಟ. ‘ಗೋರ್’ ರಕ್ತ, ಕತ್ತರಿಸುವುದು. ‘ಸಬ್‌ಸ್ಟೆನ್ಸ್’ ಕುಡಿತ, ಬೀಡಿ–ಸಿಗರೇಟು, ಗಾಂಜಾ. ‘ನ್ಯೂಡಿಟಿ’ ಬೆತ್ತಲೆ ದೃಶ್ಯ. ‘ಲ್ಯಾಂಗ್ವೇಜ್’ ಅಂದರೆ ಅಲ್ಲಿ ಭಾಷೆಯಲ್ಲ, ಬೈಗುಳ. ಇದೊಂದನ್ನು ಇಂಗ್ಲಿಷ್ ಓದಬಲ್ಲವರೂ ತಪ್ಪು ತಿಳಿಯುತ್ತಾರೆ. ಏಳನೇ ತರಗತಿಯ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಮಕ್ಕಳ ಕೈಯಲ್ಲೇ ಈ ಹಾಳೆ ಬರೆಸಿ ಮನೆಗೆ ಕಳಿಸಿದರೆ ಪಾಠವೂ ಆಯಿತು.

ಬೀಗದ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ. ಮಕ್ಕಳ ಪ್ರೊಫೈಲ್ ಮಾಡಿರುತ್ತಾರೆ, ಪಕ್ಕದ ದೊಡ್ಡವರ ಪ್ರೊಫೈಲಿಗೆ ಪಿನ್ ಇಟ್ಟಿರುವುದಿಲ್ಲ. ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಲು ತೆರೆದಿಟ್ಟ ಹಾಗೆ. ಇಲ್ಲವೇ ಫೋನು ಹೊಂದಿಸಿಕೊಟ್ಟವನೇ ಮಗ, ಪಿನ್ ಇಟ್ಟವನೂ ಅವನೇ. 1234, ಹುಟ್ಟಿದ ಇಸವಿ, ಬೈಕಿನ ನಂಬರು ಬಿಟ್ಟು ಬೇರೆ ನಾಲ್ಕಂಕಿ ಬೇಕು. ಯೂಟ್ಯೂಬಿನ ರಿಸ್ಟ್ರಿಕ್ಟೆಡ್ ಮೋಡ್ ಅನ್ನು ಒಂದು ಫೋನಿನಲ್ಲಿ ಹಾಕಿದರೆ ಟಿವಿಗೂ ತಾನಾಗಿ ಬರುವುದಿಲ್ಲ, ಪ್ರತಿ ಸಾಧನದಲ್ಲೂ ಸೆಟ್ಟಿಂಗ್ಸ್‌ಗೆ ಹೋಗಿ ಹಾಕಬೇಕು. ಹಾಕಿದರೂ ಅದು ಯಂತ್ರದ ಜರಡಿ. ಒಂದೊಂದೇ ನಿಮಿಷದ ತುಣುಕಾಗಿ ಬರುವ ಹೊಡೆದಾಟದ ದೃಶ್ಯಗಳು ಅದರಿಂದ ಜಾರುತ್ತವೆ, ಅವುಗಳ ಹಣೆಯ ಮೇಲೆ ಸರ್ಟಿಫಿಕೇಟೂ ಇರುವುದಿಲ್ಲ.

ಮಗು ಒಂಟಿಯಾಗಿ ಪರದೆ ಮುಂದೆ ಕೂರುವ ಹೊತ್ತು ಯಾವುದು ಎಂದು ಕೇಳಿದರೆ ಹಳ್ಳಿಗಳಲ್ಲಿ ಉತ್ತರ ಸುಲಭ: ಸಂಜೆ ಹಾಲು ಕರೆದು ಡೇರಿಗೆ ಹಾಕಿಬರುವ ಹೊತ್ತು. ವಸಂತನರಸಾಪುರದ ಕಾರ್ಖಾನೆಗಳ ಕಡೆಯಾದರೆ ಎರಡನೇ ಪಾಳಿ. ಬೀಗ ಬೇಕಾದದ್ದು ಆ ಒಂದೆರಡು ಗಂಟೆಗೆ. ಇಡೀ ದಿನ ಕಾವಲು ಕೂರಿ ಎನ್ನುವ ಸಲಹೆ ಕೇಳಲಷ್ಟೇ ಚೆಂದ.

ಗುರುತು ಹೇಳದ ಕೆಲವು ವಿಷಯಗಳಿವೆ, ಅವನ್ನು ಮೇಷ್ಟ್ರು ಬಾಯಲ್ಲೇ ಹೇಳಬೇಕು. ಸಣ್ಣ ಮಕ್ಕಳನ್ನು ಹೊಡೆದಾಟಕ್ಕಿಂತ ಹೆಚ್ಚು ಕಾಡುವುದು ಅಮ್ಮ ಸಾಯುವ, ಮಗು ಕಳೆದುಹೋಗುವ ದೃಶ್ಯ. ಯು ಚಿತ್ರದಲ್ಲೂ ಅವು ಇರುತ್ತವೆ. ನಾಲ್ಕೈದನೇ ತರಗತಿಯವರು ಸಾಹಸವನ್ನು ಮಾಡಿ ನೋಡುತ್ತಾರೆ, ಮಹಡಿಯಿಂದ ಜಿಗಿಯುವುದು, ಕುತ್ತಿಗೆಗೆ ಹಗ್ಗ ಸುತ್ತಿಕೊಳ್ಳುವುದು. ಹೈಸ್ಕೂಲಿನವರ ವಿಷಯ ಬೇರೆ: ಬೇಡ ಅಂದವಳ ಹಿಂದೆ ಬಿದ್ದು ಒಲಿಸಿಕೊಳ್ಳುವ ನಾಯಕ. ಇದನ್ನು ಪೋಷಕರು ಕೆಟ್ಟದ್ದೆಂದು ಗುರುತಿಸುವುದೇ ಇಲ್ಲ, ಯಾಕೆಂದರೆ ರಕ್ತವಿಲ್ಲ, ಹಾಡಿದೆ. ಎಂಟನೇ ತರಗತಿಯ ಪೋಷಕರಿಗೆ ಹತ್ತು ನಿಮಿಷ ಇದ್ದರೆ ಹತ್ತನ್ನೂ ಇದಕ್ಕೇ ಕೊಡಬೇಕು.

ಸಭೆಯನ್ನು ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ–ಮೇಲುಸ್ತುವಾರಿ ಸಮಿತಿಯ ಮೂಲಕ ಕರೆಯುವುದು ಒಳ್ಳೆಯದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಮಹಿಳೆಯರು. ಮಾತು ಅವರ ಬಾಯಿಂದ ಬಂದರೆ ಉಪದೇಶ ಅನಿಸುವುದಿಲ್ಲ. ವಾರದ ನಡುವೆ ಹನ್ನೊಂದು ಗಂಟೆಗೆ ಕರೆದರೆ ಕೂಲಿ ಬಿಟ್ಟು ಯಾರೂ ಬರಲಾರರು, ಕೋಲಾರದಲ್ಲಿ ಟೊಮೆಟೊ ಸುಗ್ಗಿಯ ದಿನಗಳಲ್ಲಂತೂ ಬೇಡವೇ ಬೇಡ. ಶನಿವಾರ ಬೆಳಗಿನ ತರಗತಿ ಮುಗಿಯುತ್ತಲೇ ಇಪ್ಪತ್ತು ನಿಮಿಷ ಸಾಕು. ಭಾಷಣ ಐದು ನಿಮಿಷ, ಉಳಿದದ್ದು ಅವರವರ ಫೋನಿನಲ್ಲೇ ಪಿನ್ ಹಾಕಿಸುವುದಕ್ಕೆ. ತರಗತಿಯಲ್ಲಿ ‘ಯಾರ‍್ಯಾರು ಆ ಸಿನಿಮಾ ನೋಡಿದಿರಿ, ಕೈ ಎತ್ತಿ’ ಎಂದು ಮಾತ್ರ ಕೇಳಬಾರದು. ಮಕ್ಕಳು ಸುಳ್ಳು ಕಲಿಯುತ್ತಾರೆ, ಮನೆಯವರು ದೂರವಾಗುತ್ತಾರೆ.

ಶಾಲೆಯೇ ಮಕ್ಕಳನ್ನು ಚಿತ್ರಮಂದಿರಕ್ಕೆ ಕರೆದೊಯ್ಯುವಾಗ ಲೆಕ್ಕ ತಿರುಗುತ್ತದೆ. ಪೋಷಕರ ಜಾಗದಲ್ಲಿ ಆಗ ನಿಲ್ಲುವುದು ಶಾಲೆ. ‘ಮಕ್ಕಳ ಚಿತ್ರ’ ಎಂಬ ಮಾತು ಸರ್ಟಿಫಿಕೇಟಿನ ವರ್ಗವಲ್ಲ. ಪೋಸ್ಟರಿನಲ್ಲಿ ಮಗು ನಗುತ್ತಿದ್ದ ಮಾತ್ರಕ್ಕೆ ಅದು ಮಕ್ಕಳಿಗಾಗಿ ಮಾಡಿದ ಚಿತ್ರವಲ್ಲ. (1955ರಲ್ಲಿ ಹುಟ್ಟಿ ಮಕ್ಕಳಿಗೆಂದೇ ಚಿತ್ರ ಮಾಡಿಸುತ್ತಿದ್ದ ಚಿಲ್ಡ್ರನ್ಸ್ ಫಿಲ್ಮ್ ಸೊಸೈಟಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ (ಎನ್‌ಎಫ್‌ಡಿಸಿ) ಕರಗಿಹೋಯಿತು; ಇದ್ದೊಂದು ಅಂಗಡಿಯೂ ಮುಚ್ಚಿದಂತಾಯಿತು.) ಇಬ್ಬರು ಶಿಕ್ಷಕರು, ಅವರಲ್ಲೊಬ್ಬರು ಮಹಿಳೆ, ಮೊದಲೇ ಪೂರ್ತಿ ನೋಡಿರಬೇಕು. ಟಿಕೆಟ್ ದುಡ್ಡು ಕಡ್ಡಾಯ ಮಾಡಬಾರದು, ಬಾರದ ಮಕ್ಕಳಿಗೆ ಶಾಲೆಯಲ್ಲಿ ಪಾಠ ನಡೆಯಬೇಕು. ಒಪ್ಪಿಗೆ ಚೀಟಿಯಲ್ಲಿ ಚಿತ್ರದ ಹೆಸರು, ವಯಸ್ಸಿನ ಗುರುತು, ಎಷ್ಟು ಹೊತ್ತು, ಬಸ್ಸು ಎಷ್ಟು ಗಂಟೆಗೆ ವಾಪಸು ಎಂದಿರಲಿ. ಪಾವಗಡದಲ್ಲಾದರೆ ಅದನ್ನು ತೆಲುಗಿನಲ್ಲೂ ಓದಿ ಹೇಳಿ ಸಹಿ ಹಾಕಿಸಿಕೊಳ್ಳಿ. ಸಹಿ ಬಾರದ ಚೀಟಿಯನ್ನು ಒಪ್ಪಿಗೆ ಎಂದು ಲೆಕ್ಕ ಹಿಡಿಯಬೇಡಿ.